ಪಂಚನಾಮೆಗೆ ಮೊದಲು

ಬೋರಗಾಂವ
೨೨ ಜನವರಿ ೨೦೨೫, ರಾತ್ರಿ ೧೨-೪೦

ಪ್ರೀತಿಯ ಅಪ್ಪಾ,

ಕರ್ತನ ಹೆಸರಿನಲ್ಲಿ ನಿಮಗೆ ಮಗಳ ವಂದನೆ.

ಈಗಷ್ಟೇ ಮಗ್ಗಗಳು ನಿಂತವು, ಅದಕ್ಕೇ ಎಚ್ಚರವಾಯಿತು. ಸಪ್ಪಳ ನಿಂತರೆ ಎಚ್ಚರವಾಗುತ್ತದೆ ಎಂದರೆ ಕಾಗವಾಡದಲ್ಲಿ ಕುಳಿತ ನಿಮಗೆ ನಗು ಬರಬಹುದು. ಇಲ್ಲಿ ಗೋಡೆಯ ಆಚೆ ಹನ್ನೆರಡು ಮಗ್ಗಗಳು ಹಗಲು ರಾತ್ರಿ ಬಡಿಯುತ್ತವೆ, ಅದರಲ್ಲೇ ನಿದ್ದೆ ರೂಢಿಯಾಗಿಬಿಟ್ಟಿದೆ. ಕರೆಂಟು ಹೋಗಿ ಎಲ್ಲವೂ ಒಮ್ಮೆಲೇ ನಿಂತರೆ ಯಾರೋ ಎದೆಯ ಮೇಲಿಂದ ಕೈ ತೆಗೆದಂತಾಗಿ ದಿಗ್ಗನೆ ಏಳುತ್ತೇನೆ. ಆ ನಿಶ್ಶಬ್ದದಲ್ಲಿ ಮೊದಲು ಕೇಳಿದ್ದು ನಿಮ್ಮ ಮೊಮ್ಮಗಳು ರಿಬ್ಕಾಳ ಉಸಿರು. ಸಣ್ಣಗೆ ಸೀಟಿ ಹೊಡೆದಂತೆ ಬರುತ್ತಿತ್ತು. ಎತ್ತಿ ಕೂರಿಸಿ, ಮೂಗು ಬಾಯಿಗೆ ಮಾಸ್ಕ್ ಇಟ್ಟು ಎರಡು ಸಲ ಔಷಧದ ಪಂಪ್ ಒತ್ತಿದೆ. ಈಗ ನನ್ನ ತೊಡೆಯ ಮೇಲೇ ಮಲಗಿದ್ದಾಳೆ. ಮೊಬೈಲಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಯಾವತ್ತಿನಂತೆ ಕೆಂಪು ಪೆನ್ನಿನಿಂದ ತಿದ್ದಬೇಡಿ.

ಆರೋಗ್ಯ ಹೇಗಿದೆ ಅಪ್ಪಾ? ಕಣ್ಣಿನ ಆಪರೇಶನ್ ಆಗಿ ಇನ್ನೂ ತಿಂಗಳಾಗಿಲ್ಲ, ಬಗ್ಗಿ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದು ನೆನಪಿದೆಯಲ್ಲ? ಔಷಧದ ಹನಿಯನ್ನು ಮರೆಯದೆ ಹಾಕಿಕೊಳ್ಳುತ್ತಿದ್ದೀರಾ? ತಮ್ಮ ಬಾಳೇಶನಿಗೆ ಕಾರ್ಖಾನೆಯಲ್ಲಿ ಈ ವಾರ ರಾತ್ರಿ ಪಾಳಿಯಂತೆ. ಹಾಗಾದರೆ ರಾತ್ರಿ ನೀವೊಬ್ಬರೇ. ಮೊಣಕಾಲು ಹಿಡಿದುಕೊಂಡರೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳಿ. ಈ ಸಲ ಚಳಿ ವಿಪರೀತ. ಅವ್ವ ಹೊಲಿದ ಕೌದಿಯನ್ನು ಪೆಟ್ಟಿಗೆಯಲ್ಲಿ ಇಟ್ಟು ಕಾಪಾಡುವ ಬದಲು ಹೊದ್ದುಕೊಳ್ಳಿ ಎಂದು ಹೇಳಬೇಕೆಂದಿದ್ದೆ. ಇರಲಿ, ಕೌದಿಯ ಮಾತು ಆಮೇಲೆ.

ರಾತ್ರಿ ಹತ್ತರಿಂದ ನಿಮ್ಮ ಫೋನಿಗೆ ಏಳು ಸಲ ಮಾಡಿದೆ. ಬಂದ್ ಇದೆ. ಇಷ್ಟು ವರ್ಷ ಊಟವಾದ ಮೇಲೆ ಪ್ರಾರ್ಥನೆಗೆ ಕೂಡುವಾಗ ಬಂದ್ ಮಾಡಿ, ಎದ್ದ ಮೇಲೆ ಚಾಲೂ ಮಾಡುತ್ತಿದ್ದವರು ನೀವು. ಅದಕ್ಕೇ ಈ ಪತ್ರ. ಮಗ್ಗದ ಮುಂದೆ ಭರಮು ಮಾಮಾನ ಟೆಂಪೊ ನಿಂತಿದೆ. ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ಮೂರು ಗಂಟೆಗೆ ವಿಜಯಪುರಕ್ಕೆ ಹೊರಡುತ್ತಾರೆ, ನಾಲ್ಕೂವರೆಗೆ ಕಾಗವಾಡ. ಬಾಗಿಲು ಬಡಿದು ನಿಮ್ಮ ಕೈಗೇ ಕೊಡುವುದಾಗಿ ಮಾತು ಕೊಟ್ಟಿದ್ದಾರೆ. “ನಿಮ್ಮಪ್ಪ ಬಾಗಲಾ ತಗಿಯೂತನಾ ಹಾರ್ನ್ ಹೊಡಿತೇನಿ, ಓಣಿ ಎದ್ದರೂ ಚಿಂತಿಲ್ಲ” ಎಂದರು. ಓಣಿ ಏಳುವುದು ಬೇಡ ಅಪ್ಪಾ. ಒಂದೇ ಸಲಕ್ಕೆ ಬಾಗಿಲು ತೆಗೆಯಿರಿ.

ರಿಬ್ಕಾಳ ದಮ್ಮಿನ ಕಾಯಿಲೆಯ ವಿಷಯ ನಿಮಗೆ ಪೂರ್ತಿ ಹೇಳಿರಲಿಲ್ಲ. ನಿಪ್ಪಾಣಿಯ ಡಾಕ್ಟರು ಹೋದ ತಿಂಗಳೇ ಚೀಟಿ ಬರೆಯುವುದನ್ನು ನಿಲ್ಲಿಸಿ, ಪೆನ್ನು ಕೆಳಗಿಟ್ಟು ಹೇಳಿದರು: “ಔಷಧಾ ನಾ ಎಷ್ಟರೆ ಕೊಡ್ತೇನ್ರೀ ಬಾಯಿ. ಮೊದ್ಲ ಆ ಹತ್ತಿ ಧೂಳಿನಾಗಿಂದ ಕೂಸಿನ್ನ ಹೊರಗ ಕರಕೊಂಡ ಬರ್ರಿ. ಇಲ್ಲಾಂದ್ರ ವರ್ಷಾ ವರ್ಷಾ ಎದಿ ಸಣ್ಣ ಆಕ್ಕೋತ ಹೊಕ್ಕೈತಿ.” ಮುಂಜಾನೆ ಎದ್ದಾಗ ಅವಳ ಕಣ್ಣರೆಪ್ಪೆಯ ಮೇಲೆ ನವಿರಾದ ಹತ್ತಿಯೆಳೆ ಕುಳಿತಿರುತ್ತದೆ. ಮೊದಮೊದಲು ಚೆಂದ ಕಾಣುತ್ತಿತ್ತು, ಫೋಟೊ ತೆಗೆದು ನಿಮಗೂ ಕಳಿಸಿದ್ದೆ. ಈಗ ಅದನ್ನು ಕಂಡ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತೇನೆ. ಮಗ್ಗದ ಮಾಲೀಕರು ತಾತ್ಯಾಸಾಹೇಬರು ಕೆಟ್ಟವರಲ್ಲ. ನಮ್ಮ ಮನೆಯವರ ಕೆಲಸದ ಜೊತೆ ಈ ಕೋಣೆಯನ್ನು ಬಾಡಿಗೆಯಿಲ್ಲದೆ ಕೊಟ್ಟಿದ್ದಾರೆ. ಹೊರಗೆ ಮನೆ ಹಿಡಿದರೆ ಬಾಡಿಗೆ ಕಟ್ಟಬೇಕು. ಇವರ ಪಗಾರದಲ್ಲಿ ಬಾಡಿಗೆಯಾದರೆ ಔಷಧವಿಲ್ಲ, ಔಷಧವಾದರೆ ಬಾಡಿಗೆಯಿಲ್ಲ.

ಆ ಹೊತ್ತಿಗೇ ಅಂಗನವಾಡಿ ಕೆಲಸದ ಆಯ್ಕೆ ಪಟ್ಟಿ ಬಂತು. ನನ್ನ ಹೆಸರು ಮೊದಲನೆಯದು. ಅವತ್ತು ನಾನು ನಿಮಗೆ ಫೋನ್ ಮಾಡಿ ಅತ್ತದ್ದು ನೆನಪಿರಬೇಕು. ನೀವು “ನೋಡ್ದೆಲ್ಲ, ಕರ್ತ ಹೆಂಗ ದಾರಿ ತಗದಾ!” ಎಂದಿರಿ. ಆ ಜಾಗ ಪರಿಶಿಷ್ಟ ಜಾತಿಗೆ ಮೀಸಲು ಎಂದು ಆಗ ನಾನು ನಿಮಗೆ ಹೇಳಲಿಲ್ಲ. ನೀವೂ ಕೇಳಲಿಲ್ಲ. ಅರ್ಜಿಯ ಜೊತೆ ನನ್ನ ಶಾಲೆಯ ದಾಖಲೆ ಇಟ್ಟಿದ್ದೆ. ಅದರಲ್ಲಿ ಹಿಂದೂ ಎಂದಿದೆ. ಅಜ್ಜ ನಿಮ್ಮನ್ನು ಶಾಲೆಗೆ ಸೇರಿಸಿದಾಗ ಹೆಡ್‌ಮಾಸ್ತರರು ತಾವೇ ಬರೆದುಕೊಂಡದ್ದು, ನನಗೂ ಬಾಳೇಶನಿಗೂ ಹಾಗೇ ಇಳಿದು ಬಂತು. ನಾನು ಯಾವ ಸುಳ್ಳನ್ನೂ ಬರೆದಿಲ್ಲ, ಇದ್ದ ಕಾಗದವನ್ನು ಲಗತ್ತಿಸಿದ್ದೇನೆ ಅಷ್ಟೇ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಕ್ರೈಸ್ತರಾದವರಿಗೆ ಆ ಮೀಸಲು ಸಿಗುವುದಿಲ್ಲ ಎಂಬುದು ಬಿ.ಎ. ಓದಿದ ನನಗೆ ಗೊತ್ತಿಲ್ಲದ್ದೇನಲ್ಲ.

ಪಟ್ಟಿಯಲ್ಲಿ ಎರಡನೆಯವಳು ಮನಿಷಾ. ನಮ್ಮ ಓಣಿಯವಳೇ, ಗಂಡ ತೀರಿಹೋಗಿ ಎರಡು ವರ್ಷ, ಅವಳಿಗೂ ಒಂದು ಕೂಸಿದೆ. ತಕರಾರು ಅರ್ಜಿ ಕೊಟ್ಟವಳು ಅವಳೇ. ಕೊಟ್ಟ ಮರುದಿನ ನಳದ ಹತ್ತಿರ ಕೊಡ ಬದಿಗಿಟ್ಟು ನನ್ನ ಎದುರಿಗೇ ನಿಂತಳು. “ಕೋಮಲ, ಹಿಂದಿಂದ ಮಾತಾಡಾಕಿ ಅಲ್ಲ ನಾ. ನಾನಾ ಬರದೇನಿ ಅರ್ಜಿ. ನೀ ಆಯಿತಾರ ಚರ್ಚಿಗೆ ಹೋಗೂದು ಇಡೀ ಊರಿಗೆ ಗೊತ್ತೈತಿ. ಖರೇ ಹೇಳಿಬಿಡ, ನೀ ಯಾರಾಕಿ?” ಎಂದಳು. ನಾನು ಕೊಡ ತುಂಬುವುದನ್ನೇ ನೋಡುತ್ತಾ ನಿಂತೆ. ಕೊಡ ತುಂಬಿ ಕಾಲ ಮೇಲೆ ನೀರು ಹರಿಯಿತು. ಅವಳ ಮೇಲೆ ಸಿಟ್ಟು ಬಂದಿದ್ದರೆ ಎಷ್ಟು ಹಗುರಾಗುತ್ತಿತ್ತು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಮದುವೆಯಾದರೂ ಹೆಣ್ಣಿನ ಜಾತಿ ತವರಿನದೇ ಅಂತೆ. ಹಾಗಾಗಿ ವಿಚಾರಣೆ ನಿಮ್ಮ ಮನೆಯಲ್ಲಿ. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ಕಂದಾಯ ಇಲಾಖೆಯ ತಲಾಟಿ ಬಂದು, ಐದು ಜನರನ್ನು ಕೂರಿಸಿಕೊಂಡು, ನೀವು ಯಾವ ಧರ್ಮದವರು ಎಂದು ಕೇಳಿ ಪಂಚನಾಮೆ ಬರೆದುಕೊಳ್ಳುತ್ತಾರೆ. ಆಮೇಲೆ ಮಸಣಕ್ಕೂ ಹೋಗುತ್ತಾರೆ. ಮನಿಷಾಳ ಅಣ್ಣ ಕಾಗವಾಡಕ್ಕೆ ಬಂದು ಅವ್ವನ ಸಮಾಧಿಯ ಫೋಟೊ ತೆಗೆದು ಅರ್ಜಿಗೆ ಹಚ್ಚಿದ್ದಾನೆ. ನಮ್ಮ ಜಾತಿಯಲ್ಲಿ ಹಿಂದೂಗಳೂ ಹೂಳುವವರೇ, ಮಸಣವೂ ಒಂದೇ. ಅವ್ವನದು ಬೇರೆ ಎಂದು ಹೇಳುವ ಗುರುತು ಆ ಸಿಮೆಂಟಿನ ಶಿಲುಬೆ ಒಂದೇ.

ಇದೆಲ್ಲ ತಿಳಿದೇ ನಾನು ಹೋದ ಆಯಿತಾರ ನಿಮಗೆ ಫೋನಿನಲ್ಲಿ ಕೇಳಿದ್ದು. ಆರಾಧನೆ ಮುಗಿಸಿ, ಚರ್ಚಿನ ಹಿಂದಿನ ಬೇವಿನ ಕೆಳಗೆ ನಿಂತು, “ಅಪ್ಪಾ, ಹಿಂದೂ ಅಂತ ಒಂದ ಮಾತ ಹೇಳಿಬಿಡ್ರಿ, ನನ್ನ ಸಲುವಾಗಿ ಅಲ್ಲ, ರಿಬ್ಕಾನ ಸಲುವಾಗಿ” ಎಂದೆ. ನೀವು ಬೈಯುತ್ತೀರಿ ಎಂದುಕೊಂಡಿದ್ದೆ. ಬೈಯಲಿಲ್ಲ. “ಕೂಸಿಗೆ ರಾತ್ರಿ ದಮ್ಮು ಬಾಳ ಬರ್ತೈತೇನು?” ಎಂದಿರಿ. ಹೌದು ಎಂದೆ. “ಆತು, ಫೋನ್ ಇಡ” ಎಂದಿರಿ. ಕರ್ತನ ಹೆಸರೂ ಬರಲಿಲ್ಲ ನಿಮ್ಮ ಬಾಯಲ್ಲಿ.

ನಿಮ್ಮ ಮೇಲೆ ನನಗೆ ಸಿಟ್ಟು ಇತ್ತು ಅಪ್ಪಾ. ಇಪ್ಪತ್ತು ವರ್ಷದ ಸಿಟ್ಟು. ಇವತ್ತು ಮುಚ್ಚಿಡುವುದಿಲ್ಲ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಿಮಗೆ ಇದೇ ಮೀಸಲಿನಲ್ಲಿ ಶಾಲೆಯ ಸಿಪಾಯಿ ಕೆಲಸ ಬಂದಿತ್ತು. ಕಾಗದ ನೋಡುತ್ತಿದ್ದ ಸಾಹೇಬರು ಏನೂ ಕೇಳಿರಲಿಲ್ಲ, ನೀವೇ ಬಾಯಿ ಬಿಟ್ಟು “ನಾವು ಕ್ರಿಸ್ತನವರ್ರೀ” ಎಂದು ಹೇಳಿ ಸೈಕಲ್ ಹತ್ತಿ ಮನೆಗೆ ಬಂದಿರಿ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನೀವು ಬಾಗಿಲಲ್ಲೇ ನಿಂತು ಹೇಳಿದಿರಿ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. “ಆತ್ ಬಿಡ್ರಿ, ಕೈಕಾಲ್ ತೊಳಕೊಂಡು ಉಣ್ಣ ಬರ್ರಿ” ಎಂದಳು. ಮರುದಿನದಿಂದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದಳು. ಗೊನೆಗಳನ್ನು ಒಂದೊಂದಾಗಿ ಔಷಧದ ನೀರಿನಲ್ಲಿ ಅದ್ದುವ ಕೆಲಸ. ಹನ್ನೆರಡು ವರ್ಷ ಅದ್ದಿದಳು. ಕೊನೆಕೊನೆಗೆ ಅವಳ ಬೆರಳಿನ ಸೀಳುಗಳಿಗೆ ಉಪ್ಪು ತಾಗಿದರೆ ಹಲ್ಲು ಕಚ್ಚುತ್ತಿದ್ದಳು, ಪಲ್ಯೆಗೆ ನಾನೇ ಉಪ್ಪು ಹಾಕಬೇಕಾಗುತ್ತಿತ್ತು. ನನಗೆ ಬಿ.ಎಡ್. ಸೀಟು ಸಿಕ್ಕು ಫೀ ಕಟ್ಟಲಾಗದೆ ಹೋದಾಗಲೂ ನೀವು “ಕರ್ತ ಬ್ಯಾರೆ ಇಟ್ಟಿರ್ತಾನ” ಎಂದಿರಿ. ಏನು ಇಟ್ಟಿದ್ದ ಅಪ್ಪಾ? ಈ ಕೋಣೆಯನ್ನೇ? ನಂಬುವವರು ನೀವು, ಅದರ ಬೆಲೆ ತೆರುವವಳು ಅವ್ವ, ಈಗ ನಾನು, ಮುಂದೆ ರಿಬ್ಕಾ ಎಂದು ಎಷ್ಟು ರಾತ್ರಿ ಅಂದುಕೊಂಡಿದ್ದೇನೆ.

ಆದರೆ ಅವ್ವನ ಹಿಡಿಜೋಳದ ಡಬ್ಬಿ ಅಡ್ಡ ಬರುತ್ತದೆ. ಪ್ರತಿ ಸಲ ಹಿಟ್ಟಿಗೆ ಜೋಳ ತೆಗೆಯುವಾಗ ಮೊದಲು ಒಂದು ಹಿಡಿ ದೇವರ ಡಬ್ಬಿಗೆ ಹಾಕುತ್ತಿದ್ದಳಲ್ಲ, ತಿಂಗಳ ಕೊನೆಯ ಆಯಿತಾರ ಚರ್ಚಿಗೆ ಒಯ್ದು ಸುರಿಯುತ್ತಿದ್ದಳಲ್ಲ. ಒಂದು ದಿನ ಚೀಲದ ತಳದಲ್ಲಿ ಮೂರು ಹಿಡಿಯೂ ಇರಲಿಲ್ಲ. ಆಗಲೂ ಮೊದಲಿನ ಹಿಡಿ ಡಬ್ಬಿಗೇ. ನಾನು ಕಾಲೇಜಿನ ಹುಡುಗಿ, ಬಾಯಿ ಜೋರು. “ನಿನ್ನ ದೇವರಿಗೇನ್ ಹಸಿವಾಗ್ತೈತೇನಬೇ?” ಎಂದು ಕೂಗಿದೆ. ಅವ್ವ ಡಬ್ಬಿಯ ಮುಚ್ಚಳ ಒತ್ತಿ, “ಅವಗ ಆಗಂಗಿಲ್ಲ. ನನಗ ರೂಢಿ ತಪ್ಪತೈತಿ” ಎಂದಳು. ಅಷ್ಟೇ. ಆಮೇಲೆ ಇನ್ನೊಂದು ಮಾತು ಹೇಳಿದಳು: “ನೀ ಉಪಾಸ ಮಲಗಿದ ರಾತ್ರಿ ಎಷ್ಟ ಅಂತ ಎಣಸ್ಕೊ. ಆಮ್ಯಾಲ ಜಗಳಾಡಾಕ ಬಾ.” ಇವತ್ತು ರಾತ್ರಿ ಎಣಿಸಿದೆ ಅಪ್ಪಾ. ಇಡೀ ಬಾಲ್ಯದಲ್ಲಿ ಎರಡು ರಾತ್ರಿ. ಆ ಎರಡನ್ನೇ ಹಿಡಿದುಕೊಂಡು ಉಳಿದ ರಾತ್ರಿಗಳ ರೊಟ್ಟಿ ಎಲ್ಲಿಂದ ಬಂತೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ರೊಟ್ಟಿ ದೇವರು ಕೊಟ್ಟದ್ದೋ ಅವ್ವನ ಬೆರಳು ಕೊಟ್ಟದ್ದೋ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ಅವಳು ಎರಡನ್ನೂ ಬೇರೆ ಮಾಡುತ್ತಿರಲಿಲ್ಲ.

ಅದೇ ಡಬ್ಬಿ ಈಗ ನನ್ನ ಮನೆಯಲ್ಲಿದೆ. ಮೂರು ವಾರದಿಂದ ಅದಕ್ಕೆ ಒಂದು ಹಿಡಿಯನ್ನೂ ಹಾಕಿಲ್ಲ. ನಿನ್ನೆ ಅದರಲ್ಲಿದ್ದುದನ್ನೇ ತೆಗೆದು ಬೀಸಿಸಿ ರೊಟ್ಟಿ ಮಾಡಿದೆ. ಯಾರಿಗೂ ರುಚಿ ಬೇರೆ ಎನಿಸಲಿಲ್ಲ. ಇವರಂತೂ ಉಣ್ಣುತ್ತಾ ನಗಿಸಲು ನೋಡಿದರು: “ಅದೊಂದ್ ಕಾಗದಾ ಐತಿ, ಯಾಕಿಷ್ಟ ತ್ರಾಸ ಮಾಡ್ಕೋತಿ? ದೇವರೇನ್ ತಾಲೂಕ ಕಚೇರ್ಯಾಗ ಕುಂತ ಸಿಕ್ಕಾ ಹೊಡಿತಾನೇನು?” ಮುದ್ರೆ ಹೊಡೆಯುವುದಿಲ್ಲ, ನಿಜ. ಅತ್ತೆಯವರು ಮಾತ್ರ ನಗಲಿಲ್ಲ. ಅವರು ಈಗಲೂ ತಮ್ಮ ಯಲ್ಲವ್ವನಿಗೇ ನಡೆದುಕೊಳ್ಳುವವರು, ನಿಮಗೆ ಗೊತ್ತು. “ನಮ್ಮಾಕಿ ಆಗಿದ್ರ ಇಷ್ಟೊತ್ತಿಗೆ ಹೌದು ಇಲ್ಲ ಅಂತ ಏನರೆ ಒಂದು ಅಂತಿದ್ಲು. ನಿಮ್ಮಾಂವ ಬರೇ ಕೇಳಿಸ್ಕೊಂಡ್ ಕುಂದರತಾನ. ಕೂಸಿಗೆ ರೇಣುಕಾ ಅಂತ ಹೆಸರಿಡ್ರಿ ಅಂದ್ರ ಕೇಳಿದ್ರೇನು?” ಎಂದರು. ಹಾಗೆ ಅಂದವರೇ ಮೊನ್ನೆ ದಮ್ಮು ಜೋರಾದಾಗ ರಾತ್ರಿಯೆಲ್ಲ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದರು. ಬರೇ ಕೇಳಿಸಿಕೊಂಡು ಕೂಡುತ್ತಾನೆ ಎಂಬುದು ನಾನೂ ಈಚೆಗೆ ಕರ್ತನಿಗೆ ಹೇಳುತ್ತಿರುವ ಮಾತೇ.

ಪ್ರಾರ್ಥನೆಗೆ ಕುಳಿತರೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಕೆಲಸ ಕೊಡು ಎಂದರೆ ಮನಿಷಾಳ ಕೂಸಿನ ಬಾಯಿಂದ ಕಿತ್ತು ಕೊಡು ಎಂದಂತೆ. ಬೇಡ ಎಂದರೆ ರಿಬ್ಕಾಳ ಎದೆ. ಕಡೆಗೆ “ನೀನೇ ನೋಡು” ಎಂದು ಎದ್ದುಬಿಡುತ್ತೇನೆ. ನೀವು ಜೀವನವಿಡೀ ಹೇಳಿದ್ದೂ ಇದನ್ನೇ ಅಲ್ಲವೇ? ನಿಮ್ಮ ಬಾಯಲ್ಲಿ ಅದು ನಂಬಿಕೆಯಾಗಿತ್ತು. ನನ್ನ ಬಾಯಲ್ಲಿ ದಣಿವಿನಂತೆ ಕೇಳಿಸುತ್ತದೆ.

ಇಷ್ಟು ಬರೆಯುವುದರೊಳಗೆ ಎರಡು ಗಂಟೆ ದಾಟಿತು. ಕರೆಂಟು ಇನ್ನೂ ಬಂದಿಲ್ಲ. ರಿಬ್ಕಾ ನಿದ್ದೆಯಲ್ಲಿ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಾಳೆ, ಉಸಿರು ಸ್ವಲ್ಪ ಸರಾಗವಾಗಿದೆ. ಸಭೆಯವರಿಗೆಲ್ಲ ನನ್ನ ವಂದನೆ ತಿಳಿಸಿ. ಬಾಳೇಶ ಬಂದರೆ ಅವನ ಮೇಲೆ ಸಿಟ್ಟಾಗಬೇಡಿ, ನನಗೆ ಹೇಳಿದ್ದು ಒಳ್ಳೆಯದೇ ಮಾಡಿದ. ನಿಮ್ಮ ಕೈ ನನ್ನ ತಲೆಯ ಮೇಲೆ ಇದೆ ಎಂದುಕೊಂಡೇ ಮುಗಿಸುತ್ತೇನೆ.

ನಿಮ್ಮ ಮಗಳು,
ಕೋಮಲ

ತಾ.ಕ. ಕವರು ಅಂಟಿಸಿ ಮತ್ತೆ ಬಿಚ್ಚಿದೆ. ಇಷ್ಟೆಲ್ಲ ಬರೆದು, ಬರೆಯಲೇಬೇಕಾದದ್ದನ್ನು ಬಿಟ್ಟಿದ್ದೆ. ಒಂಬತ್ತೂವರೆಗೆ ಬಾಳೇಶ ಕಾರ್ಖಾನೆಯ ಗೇಟಿನಿಂದ ಫೋನ್ ಮಾಡಿದ್ದ. ಅಳುತ್ತಿದ್ದ. “ಅಕ್ಕಾ, ಅಪ್ಪ ಸಂಜಿಕೆ ಹಾರಿ ತಗೊಂಡು ಮಸಣಕ್ಕ ಹೋಗಿದ್ದ. ಅವ್ವನ ಶಿಲುಬಿ ಕಿತ್ತಾನ. ಕೌದ್ಯಾಗ ಸುತ್ತಿ ಸೈಕಲ್ ಮ್ಯಾಲ ತಂದು ಮಂಚದ ಕೆಳಗ ಇಟ್ಟಾನ. ಉಂಡಿಲ್ಲ, ಪ್ರಾರ್ಥನಾನೂ ಮಾಡ್ಲಿಲ್ಲ, ಫೋನ್ ಬಂದ್ ಮಾಡಿ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ” ಎಂದ. ಅಪ್ಪಾ, ಇಷ್ಟು ದಿನ ನೀವು ನಿಜ ಹೇಳಿಬಿಡುತ್ತೀರಿ ಎಂದೇ ನನಗೆ ಭಯವಿತ್ತು. ನನಗಾಗಿ ನೀವು ಸುಳ್ಳು ಹೇಳಬಹುದು ಎಂಬುದು ಹೊಳೆದಿರಲಿಲ್ಲ. ಆ ಶಿಲುಬೆಯ ಅಚ್ಚನ್ನು ನೀವೇ ಹಲಗೆ ಹೊಡೆದು ಮಾಡಿದ್ದು, ಹಸಿ ಸಿಮೆಂಟಿನಲ್ಲಿ ಅವ್ವನ ಹೆಸರನ್ನು ಮೊಳೆಯಿಂದ ಬರೆದದ್ದು ನನ್ನ ಕಣ್ಣಮುಂದಿದೆ. ಆ ಕೈಯಿಂದಲೇ ಅದನ್ನು ಕೀಳಿಸಿದವಳು ನಾನು. ಆಪರೇಶನ್ ಆದ ಕಣ್ಣಿನ ಗಾಯ ಇನ್ನೂ ಹಸಿ ಇರುವಾಗ ಅಷ್ಟು ಭಾರ ಎತ್ತಿದ್ದೀರಿ.

ಕತ್ತಲೆ ಇರುವಾಗಲೇ ಅದನ್ನು ಒಯ್ದು ಅವ್ವನ ತಲೆಯ ಕಡೆ ಮತ್ತೆ ನಿಲ್ಲಿಸಿ ಬನ್ನಿ. ನಿಮ್ಮೊಬ್ಬರಿಂದ ಆಗದು, ಭರಮು ಮಾಮಾನನ್ನೇ ಕೇಳಿ, ಕೈ ಹಚ್ಚುತ್ತಾರೆ. ಎಂಟು ಗಂಟೆಗೆ ತಲಾಟಿಗೆ ಏನು ಹೇಳಬೇಕೆಂದು ಬರೆಯಲು ಹೊರಟೆ, ಕೈ ಓಡಲಿಲ್ಲ. ಈ ಕೆಲಸ ನನಗೆ ಬೇಕು ಅಪ್ಪಾ, ಬೇಡವೆಂದು ಕಾಗದದ ಮೇಲೆ ಬರೆಯಲಾರೆ. ನಿಮ್ಮ ದನಿ ಕಿವಿಗೆ ಬಿದ್ದರೆ ಹೇಳಬಲ್ಲೆ. ಆ ಮಾತು ಈಗ, ಈ ಕತ್ತಲಲ್ಲಿ, ಮಗ್ಗ ನಿಂತಿರುವಾಗ ನನ್ನ ನಾಲಿಗೆಯ ಮೇಲಿದೆ. ಕರೆಂಟು ಬಂದು ಸಪ್ಪಳ ಶುರುವಾದರೆ, ಬೆಳಕಿನಲ್ಲಿ ರಿಬ್ಕಾಳ ಕಣ್ಣರೆಪ್ಪೆಯ ಮೇಲಿನ ಹತ್ತಿ ಕಂಡರೆ, ಅದು ಉಳಿಯುತ್ತದೆ ಎಂಬ ಭರವಸೆ ನನಗಿಲ್ಲ. ಫೋನ್ ಚಾಲೂ ಮಾಡಿ. ನಾನು ಕೈಯಲ್ಲೇ ಹಿಡಿದು ಕುಳಿತಿರುತ್ತೇನೆ. ಕೋಳಿ ಕೂಗುವುದರೊಳಗೆ ಒಂದು ಸಲ ಫೋನ್ ಮಾಡಿ ಅಪ್ಪಾ, ಬೆಳಗಾಗಗೊಡಬೇಡಿ.